ತಾತನ ಟವೆಲಿನ ನುಗ್ಗೆಸೊಪ್ಪು

ತಾತನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಇಲಿ ಕಚ್ಚಿ ಹೋಗಿತ್ತು. ಹೆಗಲ ಟವೆಲಿಗೆ ಸದಾ ನುಗ್ಗೆಸೊಪ್ಪಿನ ವಾಸನೆ. ತಿಂಗಳುಗಟ್ಟಲೆ ಆ ವಾಸನೆ ಮೂಗಿಗೆ ಬಡಿದರೂ ಯಾಕೆಂದು ಒಂದು ದಿನವೂ ಕೇಳಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಈಗಲೂ ಸಿಟ್ಟು.

ಸಿಂಧನೂರಿನ ನಮ್ಮ ಪ್ರಯೋಗಾಲಯದಲ್ಲಿ ಇಲಿಗಳನ್ನು ಸಾಕುವ ಕೆಲಸ ಅವರದು. ಎಲ್ಲರೂ ತಾತ ಎನ್ನುತ್ತಿದ್ದೆವು. ಮಸ್ಕಿಯಿಂದ ಬಸ್ಸಿಗೆ ಬರುವ ನನಗಿಂತ ಮೊದಲೇ ಗೊರೇಬಾಳದಿಂದ ಸೈಕಲ್ ತುಳಿದು ಬಂದಿರುತ್ತಿದ್ದರು. ಬಾಗಿಲು ಬಡಿದು, "ಬಂದೀನ್ರಪಾ" ಎಂದು ಇಲಿಗಳಿಗೆ ತಿಳಿಸಿಯೇ ಒಳಗೆ ಹೋಗುವುದು.

ವಯಸ್ಸಾದಂತೆ ರಕ್ತದ ಪ್ರೋಟೀನು, ಆ್ಯಂಟಿಆಕ್ಸಿಡೆಂಟುಗಳು ಎಷ್ಟು ಇಳಿಯುತ್ತವೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಇಲಿ ಮುದಿಯಾಗಲು ಎರಡು ವರ್ಷ ಬೇಕು. ಗದರಿಸಿದರೆ ಬೇಗ ಆಗುವುದಿಲ್ಲ. ಎಲ್ಲಕ್ಕೂ ಒಂದೇ ಒಣ ಆಹಾರದ ಗುಳಿಗೆ ಹಾಕಿಸುತ್ತ ಕಾದೆ. ಕಡೆಗೆ ನೋಡಿದರೆ ಮುದಿ ಇಲಿಗಳ ಅಂಕಿ ಹರೆಯದವುಗಳಷ್ಟೇ ಇತ್ತು! ಏನೋ ಹೊಸತು ಕಂಡುಹಿಡಿದೆನೆಂದು ಕುಣಿದಾಡಿದೆ. ಲೇಖನ ಕಳಿಸುವ ದಿನ ತಾತ ಬಾಗಿಲಲ್ಲಿ ನಿಂತರು.

"ಅಕ್ಕಾರ, ಒಂದ್ ಮಾತೈತ್ರಿ. ಮುದಿ ಇಲಿಗೆ ನಾ ದಿನಾ ನುಗ್ಗಿಸೊಪ್ಪು ಹಾಕೀನ್ರಿ. ಆ ಒಣಾ ಗುಳಿಗಿ ಅವಕ್ಕ ಕಡ್ಯಾಕ ಆಗ್ತಿದ್ದಿಲ್ಲ."

"ಎಲ್ಲಾಕೂ ಒಂದ ಊಟ ಹಾಕ್ರಿ ಅಂತ ಹೇಳಿದ್ದಿಲ್ಲೇನು?"

"ಹುಡುಗರಿಗೂ ಮುದುಕರಿಗೂ ಒಂದ ಊಟ ಯಾರ ಹಾಕ್ತಾರ್ರಿ?"

ಬಾಯಿಗೆ ಬಂದದ್ದೆಲ್ಲ ಅಂದೆ. ಎರಡು ವರ್ಷ ಮಣ್ಣುಪಾಲು! ಅವರು ತಲೆ ತಗ್ಗಿಸಿ ಬೈಸಿಕೊಂಡರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಸುಳ್ಳು ನನ್ನ ಹೆಸರಲ್ಲಿ ಅಚ್ಚಾಗುತ್ತಿತ್ತು. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಮತ್ತೆ ಮರಿಗಳಿಂದ ಶುರು. ಈ ಸಲ ತಾತ ಬರೀ ಗುಳಿಗೆ ಹಾಕಿದರು, ಮುಖ ತಿರುಗಿಸಿಕೊಂಡು. ಆದರೆ ಇಲಿಗಳು ಮುದಿಯಾಗುವ ಮೊದಲೇ ಅವರು ಹಾಸಿಗೆ ಹಿಡಿದರು. ನುಗ್ಗೆಸೊಪ್ಪು ಹಿಡಿದುಕೊಂಡು ಗೊರೇಬಾಳಕ್ಕೆ ಹೋದೆ. ದಿಂಬಿನಡಿಯಿಂದ ತಮ್ಮ ರಕ್ತದ ವರದಿ ತೆಗೆದುಕೊಟ್ಟರು. ನಾನು ಇಲಿಗಳಲ್ಲಿ ಅಳೆಯುವ ಅದೇ ಪ್ರೋಟೀನು ಅವರಲ್ಲಿ ತೀರಾ ಕೆಳಗಿಳಿದಿತ್ತು.

"ಇಲಿಯಾಗ ಅಳೀತೀರಲ್ರಿ, ಅದು ನಂದು ಇಳದೈತೇನ್ರಿ?"

"ಇಲ್ಲ ತಾತ, ಎಲ್ಲಾ ಸರಿ ಐತಿ."

ನನ್ನ ಮುಖವನ್ನೇ ನೋಡಿದರು. ಉಗುರಿಲ್ಲದ ಬೆರಳಿನಿಂದ ಕಾಗದ ಮಡಿಚಿ ನಕ್ಕರು.

"ನನಗ ಹೇಳಿದಂಗ ಪುಸ್ತಕದಾಗ ಬರೀಬ್ಯಾಡ್ರಿ ಮತ್ತ."

ಹದಿನೈದು ದಿನಕ್ಕೆ ತೀರಿಕೊಂಡರು. ಎರಡನೆಯ ಸಲದ ಇಲಿಗಳು ಮುದಿಯಾದಾಗ ಅವುಗಳ ಅಂಕಿ ಇಳಿದೇ ಇತ್ತು. ಇಳಿದಷ್ಟನ್ನೇ ಬರೆದಿದ್ದೇನೆ.