ಕೊಡದ ಹೊಟ್ಟೆಯ ಮೇಲೆ ಹೆಸರು

ನ್ಯಾಮತಿ ಬಸ್‌ಸ್ಟ್ಯಾಂಡಿನ ಪಕ್ಕ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟಿದ್ದ ಕಸ್ತೂರಮ್ಮ ನನ್ನ ಸೋದರತ್ತೆ, ಅಪ್ಪನ ಅಕ್ಕ. ಅವಳ ಬಾಯಿಗೆ ಹೆದರಿ ಬಸ್ಸಿನ ಕಂಡಕ್ಟರುಗಳೂ ಮಿರ್ಚಿಗೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಆದರೆ ಕಸ್ತೂರಮ್ಮ ಅವಳ ಹೆಸರಲ್ಲ. ಜಗಳೂರಿನಲ್ಲಿ ತೊಟ್ಟಿಲಿಗೆ ಹಾಕಿದಾಗ ಇಟ್ಟದ್ದು ಭೀಮಕ್ಕ ಎಂದು. ಹದಿನಾಲ್ಕಕ್ಕೆ ಮದುವೆಯಾಗಿ ಬಂದರೆ ಗಂಡನ ತಾಯಿಯ ಹೆಸರೂ ಭೀಮಕ್ಕನೇ. ಸೊಸೆಯನ್ನು ಹೆಸರು ಹಿಡಿದು ಬೈದರೆ ಅತ್ತೆಗೇ ಬೈದ ಹಾಗಾಗುತ್ತದಲ್ಲ! ಬೈಯಲು ಅನುಕೂಲವಾಗಲಿ ಎಂದು ಸೊಸೆಯ ಹೆಸರು ಬದಲಾಯಿಸಿದರು.

ಇಪ್ಪತ್ತು ವರ್ಷ ಕಳೆದ ಮೇಲೆ ಒಮ್ಮೆ ಜಗಳೂರಿನ ಸಂತೆಯಲ್ಲಿ ಬಾಲ್ಯದ ಗೆಳತಿ ಓಬವ್ವ ಹಿಂದಿನಿಂದ "ಭೀಮಕ್ಕಾ" ಎಂದು ಮೂರು ಸಲ ಕೂಗಿದಳಂತೆ. ನನ್ನ ಸೋದರತ್ತೆ ತಿರುಗಲಿಲ್ಲ. ಇವಳಿಗೆ ಸೊಕ್ಕು ಬಂದಿದೆ ಎಂದು ಓಬವ್ವ ಊರೆಲ್ಲ ಹೇಳಿದಳು. ಆ ಮಾತು ಕಿವಿಗೆ ಬಿದ್ದ ದಿನ ಅತ್ತೆ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅತ್ತಳು. "ಸೊಕ್ಕಲ್ಲ ಕಣೇ, ನನ್ನ ಹೆಸರು ನನಗೇ ಕೇಳಿಸ್ಲಿಲ್ಲ" ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

೧೯೭೯ರಲ್ಲಿ ಹೊನ್ನಾಳಿಯ ಮಲ್ಲೇಶಪ್ಪನವರ ಜೊತೆ ನನ್ನ ಮದುವೆ ಗೊತ್ತಾಯಿತು. ನನ್ನ ಹೆಸರು ದ್ಯಾಮಮ್ಮ. ಆಗುವ ಮಾವ ಷಣ್ಮುಖಪ್ಪನವರಿಗೆ ಎಲ್ಲ ಒಪ್ಪಿಗೆ, ಹೆಸರೊಂದು ಬಿಟ್ಟು. ತೀರಾ ಹಳ್ಳಿ ಹೆಸರಾಯಿತು, ಶಶಿಕಲಾ ಎಂದು ಮಾಡಿಕೊಳ್ಳೋಣ ಎಂದರು. ನನ್ನಪ್ಪ ಧರ್ಮಪ್ಪ ಹೂಂಗುಟ್ಟಿದ. ನನಗೆ ಆ ಹೆಸರು ಬೇಡವಾಗಿತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಸುದ್ದಿ ತಿಳಿದು ಅತ್ತೆ ಮೊದಲನೇ ಬಸ್ಸಿಗೇ ಬಂದಳು. "ಹೆಸರೇನು ಸೀರೆನೇನೋ ಧರ್ಮಾ, ಹಳೇದಾತು ಅಂತ ಬದಲಾಯ್ಸಾಕೆ?"

"ಒಳ್ಳೇ ಸಂಬಂಧ ಅಕ್ಕಾ, ಬಾಯಿ ಮುಚ್ಕೊಂಡಿರು."

ಅತ್ತೆ ಬಾಯಿ ಮುಚ್ಚಿಕೊಂಡೇ ಹೋದಳು. ಅಪ್ಪ ಅದಕ್ಕೇ ಹೆದರಬೇಕಿತ್ತು.

ಉಡುಗೊರೆ ತರಲು ಅವಳು ಹೊನ್ನಾಳಿಯ ನಾಗೇಂದ್ರಪ್ಪನ ಪಾತ್ರೆ ಅಂಗಡಿಗೆ ಹೋದಳಂತೆ. ಅಲ್ಲಿ ನಡೆದದ್ದನ್ನು ಆತನೇ ಆಮೇಲೆ ನನಗೆ ಹೇಳಿದ. ಗೋಡೆ ಗಡಿಯಾರ ತೋರಿಸಿದರೆ, "ಅದು ಗಂಡಂದಾಗತೈತೆ" ಎಂದಳಂತೆ. ಸ್ಟೀಲಿನ ಡಬ್ಬಿ ತೋರಿಸಿದರೆ, "ಅದು ಅತ್ತೇದಾಗತೈತೆ" ಎಂದಳಂತೆ. ಕೊನೆಗೆ ಒಂದು ಹಿತ್ತಾಳೆ ಕೊಡ ಎತ್ತಿ ಸೊಂಟಕ್ಕಿಟ್ಟು ನೋಡಿದಳು. ದಿನಾ ನೀರಿಗೆ ಹೋಗುವವಳು ಸೊಸೆಯೇ. ಅದನ್ನು ಅವಳ ಕೈಯಿಂದ ಯಾರೂ ಕಿತ್ತುಕೊಳ್ಳುವುದಿಲ್ಲ. ನಾಗೇಂದ್ರಪ್ಪ ರೂಢಿಯಂತೆ ಉಳಿ, ಸುತ್ತಿಗೆ ತಗೊಂಡು, "ಕೊಟ್ಟೋರ ಹೆಸರು ಏನಂತ ಹಾಕ್ಲಿ?" ಎಂದ.

"ಕೊಟ್ಟೋರದ್ದು ಬ್ಯಾಡ. ದ್ಯಾಮಮ್ಮ ಅಂತ ಹಾಕು. ಕಂಠದ ಹತ್ರ ಸಣ್ಣಗೆ ಅಲ್ಲ, ಹೊಟ್ಟೆ ಮೇಲೆ. ಬೀದಿ ಆ ಕಡೆ ನಿಂತೋರಿಗೂ ಕಾಣ್ಬೇಕು."

ತಾಳಿ ಕಟ್ಟಿದ ಮೇಲೆ ತಟ್ಟೆಯಲ್ಲಿ ಅಕ್ಕಿ ಹರಡಿದರು. ಹೊಸ ಹೆಸರನ್ನು ಮದುಮಗ ಉಂಗುರದಿಂದ ಅದರಲ್ಲಿ ಬರೆಯಬೇಕು. ಅಷ್ಟರಲ್ಲಿ ಅತ್ತೆ ಚಪ್ಪರದ ಜನರನ್ನೆಲ್ಲ ಸರಿಸಿಕೊಂಡು ಬಂದು ಕೊಡವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟಳು. ಅಕ್ಷರ ಓದಿದ ಮಾವನವರ ಮುಖ ಕೆಂಪಾಯಿತು.

"ಏನಮ್ಮಾ ಇದು? ನಮ್ಮ ಸೊಸಿ ಹೆಸರು ಶಶಿಕಲಾ. ಇದನ್ನ ವಾಪಸ್ ತಗಂಡು ಹೋಗ್ರಿ."

"ನಾನು ಕೊಟ್ಟಿದ್ದು ಹುಡುಗಿಗೆ ಕಣ್ರೀ. ಬ್ಯಾಡ ಅಂತ ಅವಳೇ ಹೇಳ್ಲಿ, ಒಯ್ತೀನಿ."

ಚಪ್ಪರದ ಕಣ್ಣೆಲ್ಲ ನನ್ನ ಮೇಲೆ. ಬೇಡ ಅನ್ನು, ಬೇಡ ಅನ್ನು ಎಂದು ಅಪ್ಪ ಕಣ್ಣಲ್ಲೇ ಬೇಡುತ್ತಿದ್ದ. ಆದರೂ ಕೊಡವನ್ನು ಎಳೆದು ಮಡಿಲಲ್ಲಿಟ್ಟುಕೊಂಡೆ.

"ಇದು ನಂದು" ಎಂದೆ. ಗಂಡನ ಕಡೆ ತಿರುಗಿ, "ಇದರ ಮ್ಯಾಲೆ ಏನೈತೋ ಅದನ್ನೇ ಬರೀರಿ" ಎಂದೆ.

ಅವರು ತಮ್ಮಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಕೊಡ ನೋಡಿಕೊಂಡು, ಶಾಲೆಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಬರೆದರು.

ಮಾವನವರು ಆರು ತಿಂಗಳು ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಏನಾದರೂ ಬೇಕಾದರೆ ಕೆಮ್ಮುತ್ತಿದ್ದರು. ನಾನು ದಿನಕ್ಕೆ ನಾಲ್ಕು ಸಲ ಅದೇ ಕೊಡ ಹೊತ್ತು ಅವರೆದುರೇ ನಲ್ಲಿಗೆ ಹೋಗಿಬರುತ್ತಿದ್ದೆ. ಬೀದಿಯ ಹೆಂಗಸರು ಓದಿಕೊಂಡು ದ್ಯಾಮಮ್ಮ ಎಂದೇ ಕರೆಯತೊಡಗಿದರು.

ಒಂದು ದಿನ ಸೋದರತ್ತೆ ನನ್ನನ್ನು ನೋಡಲು ಬಂದು ಅಡಿಗೆಮನೆಯಲ್ಲಿ ನನ್ನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಹೊರಗೆ ಮಾವನವರ ಸ್ನೇಹಿತರು ಬಂದಿದ್ದರು. ಅವರು ಎಷ್ಟು ಕೆಮ್ಮಿದರೋ, ಮಾತಿನ ಗದ್ದಲದಲ್ಲಿ ಒಳಗೆ ಕೇಳಿಸಲಿಲ್ಲ. ಕೊನೆಗೆ ಕೂಗಿದರು: "ದ್ಯಾಮಮ್ಮಾ, ನಾಲ್ಕು ಕಾಫಿ!"

ನಾನು ಗಡಬಡಿಸಿ ಏಳಹೊರಟೆ. ಅತ್ತೆ ಭುಜ ಹಿಡಿದು ಕೂರಿಸಿದಳು.

"ಕುಂದ್ರು. ಇನ್ನೊಂದು ಸಲ ಕರೀಲಿ."