ಸಾವ್ಕಾರರ ಅಂಗಳದಲ್ಲಿ ಎಪ್ಪತ್ತು ಕುರಿ

ಹೈದರಾಬಾದ್ ಸಂಸ್ಥಾನ ಹೋಗಿ ನಮ್ಮ ಸೀಮೆ ಕನ್ನಡ ರಾಜ್ಯಕ್ಕೆ ಸೇರಿದ ಹೊಸತು. ಅಪ್ಪನಿಗೆ ಯಾದಗಿರಿಯ ಒಂದು ಕಚೇರಿಯಲ್ಲಿ ಚಪ್ರಾಸಿ ಕೆಲಸ ಸಿಕ್ಕಿತು. ಕಾಗದಪತ್ರವೆಲ್ಲ ಉರ್ದುವಿನಿಂದ ಕನ್ನಡಕ್ಕೆ ತಿರುಗುತ್ತಿದ್ದ ಕಾಲ. ಗುಮಾಸ್ತರು ತಲೆ ಕೆಡಿಸಿಕೊಂಡಿದ್ದರು. ಅಪ್ಪನಿಗೆ ಆ ಚಿಂತೆಯೇ ಇರಲಿಲ್ಲ. ಅವನಿಗೆ ಎರಡೂ ಓದಲು ಬರುತ್ತಿರಲಿಲ್ಲ.

ಸುರಪುರದ ಕಡೆಯ ನಮ್ಮ ಹಳ್ಳಿ ಬಿಡಲು ಮೊದಲು ಗಂಟು ಕಟ್ಟಿದವಳು ಅವ್ವ. ಹಳ್ಳಿಯಲ್ಲಿ ಶಾಲೆ ಇರಲಿಲ್ಲ, ಯಾದಗಿರಿಯಲ್ಲಿತ್ತು. "ನನ್ನ ಮಗಳು ಕುರಿ ಹಿಂದ ಹೋಗಂಗಿಲ್ಲ" ಎಂದು ಹಟ ಹಿಡಿದಳು. ಕುರಿಗಳನ್ನು ದೊಡ್ಡಪ್ಪನಿಗೆ ಒಪ್ಪಿಸಿ ನಾವು ಮೂವರು ಬಂದೆವು.

ನಾವಿದ್ದದ್ದು ಒಬ್ಬ ಕಿರಾಣಿ ಸಾವ್ಕಾರರ ವಾಡೆಯ ಒಂದು ಖೋಲಿಯಲ್ಲಿ. ಮೂವರು ಇರುತ್ತೇವೆಂದು ಹೇಳಿದ್ದೆವು. ಆದರೆ ಪಟ್ಟಣದಲ್ಲಿ ನಮ್ಮವರದೊಂದು ಮನೆ ಇದೆ ಎಂದ ಮೇಲೆ ಹಳ್ಳಿಯವರು ಬಿಡುತ್ತಾರೆಯೇ? ಹಲ್ಲು ಕೀಳಿಸಲು ಬಂದವರು, ರೈಲು ನೋಡಲು ಬಂದವರು, ಸುಮ್ಮನೆ ಬಂದವರು. ಸಾವ್ಕಾರರು ಕೊನೆಗೆ ಹೇಳಿದರು: "ಇನ್ನೊಬ್ಬ ಬೀಗ ಬಂದ್ರ ಖೋಲಿ ಖಾಲಿ ಮಾಡ್ರಿ." ಖಾಲಿ ಮಾಡಿದರೆ ಮತ್ತೆ ಹಳ್ಳಿ, ನನ್ನ ಮೂರನೆಯ ಇಯತ್ತೆ ಅಲ್ಲಿಗೇ ಮುಕ್ತಾಯ. ಅವ್ವ ಊಟ ಬಿಟ್ಟಳು.

ಈ ಸುದ್ದಿ ದೊಡ್ಡಪ್ಪನಿಗೆ ಮುಟ್ಟಿತು. ಸುಗ್ಗಿ ಮುಗಿದು ಅವನು ಕುರಿ ಹೊಡೆದುಕೊಂಡು ಭೀಮೆಯ ದಂಡೆಗೆ ಹೊರಟಿದ್ದ. ಸಾವ್ಕಾರರನ್ನು ತಾನೇ ಸಮಾಧಾನ ಮಾಡುತ್ತೇನೆಂದು ಯಾದಗಿರಿಯ ದಾರಿ ಹಿಡಿದ. ನಮ್ಮ ಮಂದಿಯಲ್ಲಿ ಯಾರದಾದರೂ ಋಣ ತೀರಿಸಬೇಕೆಂದರೆ ಅವರ ಹೊಲದಲ್ಲಿ ಒಂದು ರಾತ್ರಿ ಕುರಿ ತರುಬುತ್ತಾರೆ, ಇಡೀ ಹಿಂಡನ್ನು ಅಲ್ಲೇ ಮಲಗಿಸುತ್ತಾರೆ. ಬೆಳಗಾಗುವುದರಲ್ಲಿ ಹೊಲದ ತುಂಬ ಗೊಬ್ಬರ. ಇದಕ್ಕಿಂತ ದೊಡ್ಡ ಮರ್ಯಾದೆ ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಸಾವ್ಕಾರರಿಗೆ ಹೊಲ ಇರಲಿಲ್ಲ, ಫರಸಿಕಲ್ಲು ಹಾಸಿದ ಅಂಗಳವಿತ್ತು. ಅವರ ಮನೆಯವರೆಲ್ಲ ಶಹಾಪುರಕ್ಕೆ ಮದುವೆಗೆ ಹೋಗಿದ್ದರು. ಅವ್ವ ಬೇಡ ಬೇಡವೆಂದು ಬಾಯಿ ಬಡಿದುಕೊಂಡರೂ ದೊಡ್ಡಪ್ಪ ಎಪ್ಪತ್ತು ಕುರಿಯನ್ನು ಒಳಗೆ ಹೊಕ್ಕಿಸಿಯೇ ಬಿಟ್ಟ.

ಮರುದಿನ ಬೆಳಿಗ್ಗೆ ಮದುವೆ ಮುಗಿಸಿ ಬಂದ ಸಾವ್ಕಾರರು ಬಾಗಿಲಲ್ಲೇ ನಿಂತುಬಿಟ್ಟರು. ತುಳಸಿ ಗಿಡ ಬರೀ ಕಡ್ಡಿಯಾಗಿತ್ತು.

"ನನ್ನ ಮನಿ ಏನು ಕುರಿದೊಡ್ಡಿ ಅಂತ ತಿಳ್ಕೊಂಡೀರೇನು?"

"ಎಪ್ಪತ್ತು ಕುರಿ ಅದಾವ್ರಿ ಸಾವ್ಕಾರ್ರ," ದೊಡ್ಡಪ್ಪ ಹೆಮ್ಮೆಯಿಂದ ಹೇಳಿದ. "ಮಂದಿ ಜ್ವಾಳ ಕೊಟ್ಟು ಕರೀತಾರ. ನಿಮಗ ಬಿಟ್ಟಿ."

ಅಪ್ಪ "ಕಚೇರಿಗೆ ಹೊತ್ತಾತು" ಎಂದು ಮೆಲ್ಲಗೆ ಜಾರಿಕೊಂಡ. ಅರ್ಧ ತಾಸಿನಲ್ಲಿ ನಮ್ಮ ಕೊಡ, ತಪ್ಪೇಲಿ, ಕೌದಿ ಎಲ್ಲ ಬೀದಿಯಲ್ಲಿದ್ದವು. ಅಂಗಳದಿಂದ ಬಳಿದು ಹಾಕಿದ ಕುರಿಹಿಕ್ಕಿಯ ರಾಶಿ ಅವುಗಳ ಪಕ್ಕದಲ್ಲಿತ್ತು. ಅವ್ವ ಅಳುತ್ತಿದ್ದಳು. ನನಗೆ ದೊಡ್ಡಪ್ಪನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಪಾಟಿಯಿಂದ ಅವನ ತಲೆಗೆ ಕುಕ್ಕಬೇಕೆನಿಸಿತ್ತು.

ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ರೈತನೊಬ್ಬ ಚಕ್ಕಡಿ ನಿಲ್ಲಿಸಿದ. ಒಂದು ಹಿಡಿ ಹಿಕ್ಕಿ ಎತ್ತಿಕೊಂಡು ಅಂಗೈಯಲ್ಲಿ ತಿಕ್ಕಿ ನೋಡಿದ. "ಊರ ಹೊರಗ ನನ್ನ ಹೊಲ ಅದ. ಅಲ್ಲಿ ತರುಬ್ತೀರೇನು? ಜ್ವಾಳ ಎಷ್ಟು ಕೇಳ್ತೀರಿ?"

ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಎದ್ದು ನಿಂತಳು. ಭಾವನ ಎದುರು ಅವಳು ದನಿ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಜ್ವಾಳ ಬ್ಯಾಡ್ರಿ. ನಮಗ ಇರಾಕ ಒಂದು ಖೋಲಿ ಕೊಡ್ರಿ. ವರ್ಷಾ ವರ್ಷಾ ಬಂದು ತರುಬ್ತಾರ."

"ಎಷ್ಟು ವರ್ಷ?" ರೈತ ಕೇಳಿದ.

"ಈಕಿ ಸಾಲಿ ಮುಗಿಯೋ ಮಟ."

ದೊಡ್ಡಪ್ಪ ದಂಗಾಗಿ ನನ್ನ ಕಡೆ ತಿರುಗಿದ. "ಸಾಲಿ ಎಲ್ಲಿ ಮಟ ಇರ್ತದವ್ವ?"

"ಏಳರ ಮಟ," ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

"ಹೂಂ, ಆತು ಬಿಡು," ಎಂದ ದೊಡ್ಡಪ್ಪ. ರೈತ ನಮ್ಮ ಕೊಡ, ಕೌದಿಗಳನ್ನು ಚಕ್ಕಡಿಗೆ ಹೇರತೊಡಗಿದ.

ಏಳು ಮುಗಿದಾಗ ಮುಂದೆಯೂ ಓದುತ್ತೇನೆಂದೆ. ಮೋಸಗಾತಿ ಎಂದು ದೊಡ್ಡಪ್ಪ ಬೈದ. ನಾನು ಮ್ಯಾಟ್ರಿಕ್ ಪಾಸಾಗುವವರೆಗೆ ಪ್ರತಿ ವರ್ಷವೂ ಹಾಗೆ ಬೈಯುತ್ತಲೇ ಕುರಿ ಹೊಡೆದುಕೊಂಡು ಬಂದ.