ಬೈ ಆರ್ಡರ್

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಲಿಫ್ಟಿನ ಪಕ್ಕ ಒಂದು ಇಂಗ್ಲಿಷ್ ಬೋರ್ಡು ಇತ್ತು: ಮನೆಗೆಲಸದವರು ಲಿಫ್ಟ್ ಬಳಸಬಾರದು. ಕೆಳಗೆ ದಪ್ಪ ಅಕ್ಷರದಲ್ಲಿ ‘ಬೈ ಆರ್ಡರ್’. ಅಪ್ಪಣೆಯಾಗಿದೆ ಎಂದರ್ಥ. ಯಾರ ಅಪ್ಪಣೆ ಎಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಆ ಮಾತಿನ ಗತ್ತು ಇರುವುದೇ ಅಲ್ಲಿ. ಒಮ್ಮೆ ನಾನೂ ಒಂದು ಚೀಟಿಯಲ್ಲಿ ಹಾಗೆ ಬರೆದು ಬೆಡ್‌ರೂಮಿನ ಬಾಗಿಲಿಗೆ ಅಂಟಿಸಿದ್ದೆ. ನನ್ನ ಗಂಡ ಒಂದು ವಾರ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಲಿಲ್ಲ.

ನಮ್ಮ ಮನೆಗೆಲಸಕ್ಕೆ ಬರುವ ಕಲಬುರಗಿಯ ಹೆಂಗಸು ಹನ್ನೊಂದು ವರ್ಷ ಏಳು ಮಹಡಿ ಹತ್ತಿಯೇ ಬಂದಳು. ಕಳೆದ ವರ್ಷ ಒಂದು ಬೆಳಿಗ್ಗೆ ಐದನೇ ಮಹಡಿಯಲ್ಲಿ ಮೊಣಕಾಲು ಹಿಡಿದು ಕೂತುಬಿಟ್ಟಳು. ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದಿದ್ದರಂತೆ. ಇನ್ನು ಕೆಲಸ ಬಿಡುತ್ತೇನೆ ಎಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆಫೀಸಿಗೆ ರಜೆ ಹಾಕಿ ಸೊಸೈಟಿಯ ಸೆಕ್ರೆಟರಿ ಮನೆಗೆ ನುಗ್ಗಿದೆ. ಅದು ಹಳೇ ಕಮಿಟಿಯ ಠರಾವು, ನಮ್ಮ ಕೈಯಲ್ಲಿಲ್ಲ ಎಂದರು. ಠರಾವು ತೋರಿಸಿ ಎಂದೆ. ಕಪಾಟಿನಿಂದ ಮೀಟಿಂಗ್ ಪುಸ್ತಕಗಳೆಲ್ಲ ಇಳಿದವು. ಮಧ್ಯಾಹ್ನದವರೆಗೆ ಇಬ್ಬರೂ ಪುಟ ತಿರುವಿದೆವು. ಬೆಟ್ಟ ಅಗೆದರೂ ಇಲಿ ಕೂಡ ಸಿಗಲಿಲ್ಲ!

ಬೋರ್ಡಿನ ಮೂಲೆಯಲ್ಲಿ ಪೇಂಟರನ ಸಹಿ ಇತ್ತು. ಸ್ಟೇಷನ್ ರಸ್ತೆಯ ಅವನ ಅಂಗಡಿಗೆ ಓಡಿದೆ. ಅವನು ನಕ್ಕುಬಿಟ್ಟ. ಕಟ್ಟಡ ಹೊಸದಾಗಿದ್ದಾಗ ಬಿಲ್ಡರು ನಾಲ್ಕು ಬೋರ್ಡು ಕೊಡು ಎಂದನಂತೆ. ಏನು ಬರೆಯಬೇಕೆಂದು ಹೇಳಲಿಲ್ಲವಾದ್ದರಿಂದ ಎಲ್ಲರೂ ಒಯ್ಯುವ ನಾಲ್ಕನ್ನೇ ಇವನು ಕೊಟ್ಟನಂತೆ. ‘ಬೈ ಆರ್ಡರ್’ ಬರೆಯಲು ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳುವುದಿಲ್ಲ, ಅದಿಲ್ಲದಿದ್ದರೆ ಬೋರ್ಡು ಬೋಳುಬೋಳಾಗಿ ಕಾಣುತ್ತದೆ ಎಂದ.

ನನಗೆ ರಸ್ತೆಯಲ್ಲೇ ಕುಣಿಯಬೇಕೆನಿಸಿತು. ಸಂಜೆಯೊಳಗೆ ಸೆಕ್ರೆಟರಿ ಬೋರ್ಡು ಬಿಚ್ಚಿಸಿದರು. ಮರುದಿನ ನಾನೇ ಕೆಳಗಿಳಿದು, ಅವಳ ಕೈಹಿಡಿದು ಲಿಫ್ಟಿಗೆ ಕರೆತಂದೆ. ಏಳರ ಗುಂಡಿ ಒತ್ತಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಯಾರೂ ಅಪ್ಪಣೆ ಕೊಟ್ಟೇ ಇರಲಿಲ್ಲ, ಒಂದು ದಿನ ಕೂತು ವಿಚಾರಿಸಿದ್ದಕ್ಕೆ ಎಲ್ಲ ಬಯಲಾಯಿತು ಎಂದು ಹೆಮ್ಮೆಯಿಂದ ಬೀಗಿದೆ.

ಏಳನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಅವಳು ನನ್ನ ಕೈಬಿಡಿಸಿಕೊಂಡು ಹೇಳಿದಳು:

“ನನಗ ಓದ್ಲಾಕ ಬರಲ್ಲರಿ ಅಕ್ಕಾರ. ನಿಮಗ ಬರ್ತಿತ್ತಲ್ಲರಿ.”